ಮೂರನೇ ಪಟ್ಟಿಯ ಐಸ್

ನಳಿನಿ ಹಿಮ್ಮುಖವಾಗಿ ನಡೆಯುತ್ತಿದ್ದರು. ಬೆನ್ನಿಗೆ ಬಿಸಿನೀರಿನ ಕ್ಯಾನ್, ಬಲಗೈಯಲ್ಲಿ ಹಿತ್ತಾಳೆಯ ಜರಡಿ ಹಾಕಿದ ಕೊಳವೆ. ಮಣಿಕಟ್ಟನ್ನು ಎಡಕ್ಕೂ ಬಲಕ್ಕೂ ತೂಗಿದಂತೆಲ್ಲ ಹನಿಗಳು ಐಸ್ ಮೇಲೆ ಬಿದ್ದು, ಬಿದ್ದಲ್ಲೇ ಹೆಪ್ಪುಗಟ್ಟಿ ಸಾಸಿವೆ ಗಾತ್ರದ ಉಬ್ಬುಗಳಾಗುತ್ತಿದ್ದವು. ಒಂದು ತುದಿಯಿಂದ ಇನ್ನೊಂದು ತುದಿಗೆ ನೂರೈವತ್ತು ಅಡಿ. ಅಷ್ಟು ದೂರವೂ ಕೈ ಒಂದೇ ಲಯದಲ್ಲಿರಬೇಕು, ಹೆಜ್ಜೆ ಒಂದೇ ಅಳತೆಯಲ್ಲಿರಬೇಕು. ನಡುವೆ ಸೀನಿದರೆ ಸೀನಿದ ಗುರುತು ಐಸ್ ಮೇಲೆ ಉಳಿಯುತ್ತದೆ. ಅವರಿಗೆ ಅರವತ್ತಮೂರು ವರ್ಷ. ಸೀನಲಿಲ್ಲ.

ಕರ್ಲಿಂಗ್ ಆಟದಲ್ಲಿ ನಾಲ್ವರ ತಂಡ ಇಪ್ಪತ್ತು ಕಿಲೋ ತೂಕದ, ಮೇಲೆ ಹಿಡಿಕೆಯಿರುವ ದುಂಡು ಗ್ರಾನೈಟ್ ಕಲ್ಲನ್ನು ಐಸ್ ಮೇಲೆ ಜಾರಿಬಿಡುತ್ತದೆ. ಆಚೆ ತುದಿಯಲ್ಲಿ ಬಣ್ಣದ ವೃತ್ತಗಳಿರುತ್ತವೆ. ಯಾರ ಕಲ್ಲು ವೃತ್ತದ ನಡುವಿಗೆ ಹತ್ತಿರವೋ ಅವರಿಗೆ ಅಂಕ. ಕಲ್ಲಿನ ಮುಂದೆ ಇಬ್ಬರು ಬ್ರಷ್ಷಿನಿಂದ ಉಜ್ಜುತ್ತ ಓಡುವುದನ್ನು ಟಿ.ವಿ.ಯಲ್ಲಿ ಕಂಡು ನಕ್ಕವರು ಬಹಳ. ಆದರೆ ಆ ಸಾಸಿವೆಯಂಥ ಉಬ್ಬುಗಳಿಲ್ಲದಿದ್ದರೆ ಎಷ್ಟು ಉಜ್ಜಿದರೂ ಕಲ್ಲು ಅರ್ಧ ದಾರಿಯನ್ನೂ ದಾಟುವುದಿಲ್ಲ. ಉಬ್ಬುಗಳನ್ನು ಮೂಡಿಸುವವರ ಹೆಸರು ಟಿ.ವಿ.ಯಲ್ಲಿ ಬರುವುದಿಲ್ಲ.

ಹ್ಯೂಸ್ಟನ್ನಿನ ಹೊರವಲಯದ ಆ ಹಾಲ್‌ನಲ್ಲಿ ಒಂದು ವಾರದಿಂದ ಮಹಿಳೆಯರ ಅಂತರರಾಷ್ಟ್ರೀಯ ಕರ್ಲಿಂಗ್ ಚಾಂಪಿಯನ್‌ಶಿಪ್ ನಡೆದಿತ್ತು. ಎಂಟು ದೇಶದ ತಂಡಗಳು, ಪಕ್ಕಪಕ್ಕದಲ್ಲಿ ನಾಲ್ಕು ಐಸ್ ಪಟ್ಟಿಗಳು. ಇಡೀ ಐಸಿನ ಹೊಣೆ ಕೆನಡಾದಿಂದ ಬಂದ ಐಲೀನ್ ಎಂಬಾಕೆಯದು. ನಲವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವ ಹೆಂಗಸು, ಮಾತು ಕಡಿಮೆ. ಆರು ದಿನ ತಮ್ಮ ಸಹಾಯಕಿ ನಳಿನಿಯವರ ಕೈಚಳಕ ನೋಡಿ, ಏಳನೆಯ ದಿನ ಭಾನುವಾರ ಬೆಳಿಗ್ಗೆ ಹೇಳಿದ್ದರು: “ಫೈನಲ್ ಮೂರನೇ ಪಟ್ಟಿಯಲ್ಲಿ. ಅದು ನಿನ್ನದು, ನಾನು ಕೈ ಹಾಕುವುದಿಲ್ಲ. ಎರಡೂವರೆಗೆ ಒಂದು ಕಲ್ಲು ಬಿಟ್ಟು ನೋಡುತ್ತೇನೆ. ಸರಿಯಿಲ್ಲದಿದ್ದರೆ ಆಟ ನನ್ನ ಎರಡನೇ ಪಟ್ಟಿಗೆ ಹೋಗುತ್ತದೆ. ಬೇಜಾರು ಮಾಡಿಕೊಳ್ಳಬಾರದು.”

ಫೈನಲ್ ಮೂರು ಗಂಟೆಗೆ. ಇಂಥ ಚಾಂಪಿಯನ್‌ಶಿಪ್ ಈ ಕಡೆಗೆ ಮತ್ತೆ ಯಾವಾಗ ಬರುತ್ತದೋ ಹೇಳುವವರಿರಲಿಲ್ಲ. ಬಂದರೂ ಹದಿನೈದು ಲೀಟರ್ ಕ್ಯಾನನ್ನು ಬೆನ್ನಿಗೆ ಹೊರುವ ಶಕ್ತಿ ಆಗ ಉಳಿದಿರಬೇಕಲ್ಲ. ಕೊನೆಯ ಹೆಜ್ಜೆ ಮುಗಿಸಿ ಕ್ಯಾನ್ ಇಳಿಸಿದಾಗ ಗಂಟೆ ಒಂದೂಕಾಲು. ಮೂರನೇ ಪಟ್ಟಿ ದೀಪದ ಬೆಳಕಿನಲ್ಲಿ ಸಣ್ಣಗೆ ಮಿನುಗುತ್ತಿತ್ತು. ನಳಿನಿ ಒಂದು ನಿಮಿಷ ಅದನ್ನೇ ನೋಡುತ್ತ ನಿಂತರು.

ನೀರಿನ ಹುಚ್ಚು ಅವರಿಗೆ ತಂದೆಯಿಂದ ಬಂದದ್ದು. ಮೈಸೂರಿನಲ್ಲಿ ಊರಿಗೆ ಕುಡಿಯುವ ನೀರನ್ನು ಸೋಸುವ ಕೇಂದ್ರದಲ್ಲಿ ತಂದೆ ಆಪರೇಟರ್ ಆಗಿದ್ದರು. ಮನೆಗೆ ಯಾರೇ ಬಂದರೂ ಲೋಟದ ನೀರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತೃಪ್ತಿಯಾದ ಮೇಲೇ ಕೈಗೆ ಕೊಡುತ್ತಿದ್ದರು. ಬಂದವರು ಬಾಯಾರಿ ಕಾಯಬೇಕು. ಮಗಳು ಕೆಮಿಸ್ಟ್ರಿ ಓದಿ, ಮದುವೆಯಾಗಿ, ತೊಂಬತ್ತಾರರಲ್ಲಿ ಟೆಕ್ಸಸ್‌ಗೆ ಬಂದು, ಆಸ್ಟಿನ್‌ನ ಚಿಪ್ ಕಾರ್ಖಾನೆಯೊಂದರಲ್ಲಿ ನೀರಿನ ವಿಭಾಗಕ್ಕೆ ಸೇರಿದರು. ಸಿಲಿಕಾನ್ ಬಿಲ್ಲೆಗಳನ್ನು ತೊಳೆಯುವ ನೀರಿನಲ್ಲಿ ಉಪ್ಪಿನ ಒಂದು ಕಣವೂ ಇರಬಾರದು. ಇಪ್ಪತ್ತನಾಲ್ಕು ವರ್ಷ ಅವರು ಕಾದದ್ದು ಅದನ್ನೇ. ಸೀಡರ್ ಪಾರ್ಕಿನ ಊಟದ ಮನೆಗಳಲ್ಲಿ ಉಳಿದವರೆಲ್ಲ ತಮ್ಮ ತಮ್ಮ ಪ್ರಾಜೆಕ್ಟಿನ ಬಗ್ಗೆ ಹೇಳಿಕೊಳ್ಳುವಾಗ ಯಾರಾದರೂ “ನೀವೇನ್ ಕೆಲಸ ಮಾಡ್ತೀರಾ?” ಎಂದರೆ ನಳಿನಿ “ನೀರು ತೊಳೀತೀನಿ” ಎನ್ನುತ್ತಿದ್ದರು. ಕೇಳಿದವರು ನಕ್ಕು ಪಲ್ಯ ಬಡಿಸಿಕೊಳ್ಳಲು ಹೋಗುತ್ತಿದ್ದರು.

ಕರ್ಲಿಂಗಿಗೆ ಎಳೆದೊಯ್ದವರು ಗಂಡ ಚಂದ್ರಮೋಹನ. ರೌಂಡ್ ರಾಕ್‌ನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಊರೆಲ್ಲ ಸ್ನೇಹ. ಚಳಿಗಾಲದ ಒಲಿಂಪಿಕ್ಸ್ ಟಿ.ವಿ.ಯಲ್ಲಿ ಬರುತ್ತಿದ್ದ ಒಂದು ಫೆಬ್ರವರಿಯಲ್ಲಿ, ಹೆಂಡತಿಗೆ ಹೇಳದೆ ಡಾಲಸ್‌ನ ಕ್ಲಬ್ಬೊಂದರಲ್ಲಿ ಹೊಸಬರ ಕ್ಲಾಸಿಗೆ ಇಬ್ಬರ ಹೆಸರನ್ನೂ ಬರೆಸಿದ್ದರು. ಮೂರು ಗಂಟೆ ಡ್ರೈವ್ ಮಾಡಿ ಹೋದರೆ ಎರಡನೇ ನಿಮಿಷಕ್ಕೇ ಐಸ್ ಮೇಲೆ ಅಂಗಾತ ಬಿದ್ದರು. ಬಿದ್ದಲ್ಲಿಂದಲೇ ಬ್ರಷ್ ಎತ್ತಿ ತೋರಿಸಿ, “ಜೀವಮಾನದಲ್ಲಿ ಮೊದಲನೇ ಸಲ ಪೊರಕೆ ಹಿಡಿದಿದ್ದೀನಿ, ಫೋಟೋ ತೆಗಿಯೇ!” ಎಂದರು. ನಳಿನಿ ಫೋಟೋ ತೆಗೆಯಲಿಲ್ಲ. ಅವರು ಮೊಣಕಾಲೂರಿ ಐಸನ್ನು ನೋಡುತ್ತಿದ್ದರು. ಕ್ಲಾಸ್ ಮುಗಿದ ಮೇಲೆ ಅಲ್ಲಿಯ ಐಸ್ ಮಾಡುವವನನ್ನು ಹುಡುಕಿ ಯಾವ ನೀರು ಹಾಕುತ್ತೀರಿ ಎಂದು ಕೇಳಿದರು. ನಲ್ಲಿ ನೀರು ಎಂದನು ಅವನು. “ನಿಮ್ಮ ಐಸಿನಲ್ಲಿ ಸುಣ್ಣ ಇದೆ” ಎಂದರು ನಳಿನಿ. ಮುಂದಿನ ತಿಂಗಳು ಅವನೇ ಫೋನ್ ಮಾಡಿ ಕರೆದ.

ಆಮೇಲೆ ಒಂಬತ್ತು ವರ್ಷ, ವಾರ ಬಿಟ್ಟು ವಾರ ಡಾಲಸ್. ನಳಿನಿ ಒಳಗೆ ಐಸ್ ಕೆರೆಯುವುದನ್ನೂ ಹನಿ ಹಾಕುವುದನ್ನೂ ಕಲಿಯುತ್ತಿದ್ದರೆ ಚಂದ್ರಮೋಹನ ಥರ್ಮಾಸಿನ ಕಾಫಿ ಹಿಡಿದು ಹೊರಗೆ ಕೂತು, ಬಂದುಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದರು. ಯಾರ ಮಗಳಿಗೆ ಯಾವ ಕಾಲೇಜು, ಯಾರ ನಾಯಿಗೆ ಏನು ಕಾಯಿಲೆ, ಎಲ್ಲ ಅವರಿಗೆ ಗೊತ್ತು. ವಾಪಸ್ ಬರುವಾಗ ಜಾರ್ಜ್‌ಟೌನ್ ದಾಟುವ ಹೊತ್ತಿಗೆ ಅಷ್ಟನ್ನೂ ಹೇಳಿ ಮುಗಿಸುತ್ತಿದ್ದರು. ನಳಿನಿ ಅರ್ಧ ಕೇಳಿಸಿಕೊಳ್ಳುತ್ತಿದ್ದರು. ಉಳಿದರ್ಧ ಈಗ ಬೇಕೆನಿಸಿದರೂ ಸಿಗುವುದಿಲ್ಲ. ಚಂದ್ರಮೋಹನ ಹೋಗಿ ನಾಲ್ಕು ವರ್ಷವಾಗಿತ್ತು.

ಅವರಿದ್ದ ಕಾಲದಲ್ಲಿ ಸೀಡರ್ ಪಾರ್ಕಿನ ಆ ಮನೆಯಿಂದ ನೆಂಟರು ಹೊರಡುವುದೆಂದರೆ ಒಂದು ಪ್ರತ್ಯೇಕ ಕಾರ್ಯಕ್ರಮ. ಸೋಫಾ ಬಿಟ್ಟು ಏಳಲು ಹತ್ತು ನಿಮಿಷ, ಚಪ್ಪಲಿ ಹಾಕಿಕೊಳ್ಳಲು ಹತ್ತು ನಿಮಿಷ, ಬಾಗಿಲು ತೆರೆದ ಮೇಲೆ ಅರ್ಧ ಗಂಟೆ. ಒಳಗೆ ಕೂತು ಮೂರು ಗಂಟೆ ಮಾತಾಡಿದರೂ ನಿಜವಾದ ಸುದ್ದಿ ಹೊರಬೀಳುತ್ತಿದ್ದುದು ಹೊಸ್ತಿಲ ಮೇಲೆ. ಹೊಸ ಕೆಲಸ, ಮಗನ ಗೆಳತಿ, ಡಾಕ್ಟರು ಹೇಳಿದ್ದು, ಎಲ್ಲ ಅಲ್ಲೇ. ಜುಲೈ ತಿಂಗಳ ಸೆಕೆ ಒಳಗೆ ನುಗ್ಗುತ್ತಿತ್ತು, ಎ.ಸಿ. ಏದುಸಿರು ಬಿಡುತ್ತಿತ್ತು. ಅಡುಗೆಮನೆಯಿಂದ ನಳಿನಿ ಕೂಗುತ್ತಿದ್ದರು: “ಒಳಗಾದ್ರೂ ಬನ್ನಿ, ಹೊರಗಾದ್ರೂ ಹೋಗಿ, ಬಾಗಿಲಲ್ಲಿ ಮಾತ್ರ ನಿಲ್ಬೇಡಿ!” ಚಂದ್ರಮೋಹನ ಅತಿಥಿಗಳಿಗೆ, “ಬಯ್ತಿರೋದು ನನಗೆ, ನೀವು ಹೇಳಿ” ಎನ್ನುತ್ತಿದ್ದರು.

ಈಗಲೂ ಜನ ಬರುತ್ತಾರೆ. ಆದರೆ ನಳಿನಿಯವರಿಗೆ ಆಯಾಸವಾಗಬಾರದೆಂದು, ಎದ್ದವರು ಎದ್ದ ಹಾಗೇ ಹೊರಟುಬಿಡುತ್ತಾರೆ. ಬಾಗಿಲು ಬೇಗ ಮುಚ್ಚುತ್ತದೆ.

ಆ ಭಾನುವಾರ ಹಾಲ್‌ಗೆ ಕನ್ನಡದವರು ಎಂಬತ್ತು ಜನ ಬಂದಿದ್ದರು. ಕರೆತಂದವಳು ಪ್ರೇರಣಾ. ಹ್ಯೂಸ್ಟನ್ನಿನಲ್ಲಿ ಹಲ್ಲಿನ ಡಾಕ್ಟರು, ಬಾಗಲಕೋಟೆ ಕಡೆಯ ಮನೆಯ ಸೊಸೆ, ವಾರವಿಡೀ ನಳಿನಿಯವರನ್ನು ತನ್ನ ಮನೆಯಲ್ಲೇ ಉಳಿಸಿಕೊಂಡವಳು. ಪರಿಚಯದ ಮನೆಗಳಿಗೆಲ್ಲ ಅವಳೇ ಮೆಸೇಜ್ ಕಳಿಸಿದ್ದಳು. ಲಾಬಿಯಲ್ಲಿ ಮೊಸರನ್ನ, ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯದ ಡಬ್ಬಗಳು ತೆರೆದುಕೊಂಡಿದ್ದವು.

“ಫೈನಲ್‌ದಾಗ ಯಾವ ಟೀಮ್ ನಮ್ದು?” ಎಂದು ಪ್ರೇರಣಾಳ ಅತ್ತೆ ಗಂಗವ್ವ ಕೇಳಿದರು.

“ಟೀಮ್ ನಮ್ದಲ್ರಿ ಅತ್ತಿ. ಜಪಾನ್, ಸ್ಕಾಟ್ಲೆಂಡ್ ಆಡ್ತಾವ.”

“ಮತ್ತ ನಾವ್ಯಾಕ್ ಬಂದೇವಿ?”

“ಐಸ್ ನಮ್ದರಿ!”

ಮಾವ ನೀಲಕಂಠಪ್ಪನವರಿಗೆ ಇಷ್ಟವಾದದ್ದು ಐಸಲ್ಲ, ಕಲ್ಲು. ಮೂವತ್ತು ವರ್ಷದಿಂದ ಹ್ಯೂಸ್ಟನ್ನಿನಲ್ಲಿ ಗ್ರಾನೈಟ್ ಮತ್ತು ಟೈಲ್ಸ್ ಅಂಗಡಿ ಅವರದು. ಲಾಬಿಯಲ್ಲಿ ಜನ ಮುಟ್ಟಿ ನೋಡಲೆಂದು ಇಟ್ಟಿದ್ದ ಹಳೆಯ ಕರ್ಲಿಂಗ್ ಕಲ್ಲಿನ ಸುತ್ತ ಎರಡು ಸುತ್ತು ಬಂದು, ಉಗುರಿನಿಂದ ತಟ್ಟಿ, “ಇದು ನಮ್ಮ ಇಳಕಲ್ ಕಡೀ ಕಲ್ಲಲ್ಲ. ಆದ್ರೂ ಭಾಳ ಗಟ್ಟಿ ಐತಿ ಬಿಡ್ರಿ” ಎಂದು ಸರ್ಟಿಫಿಕೇಟ್ ಕೊಟ್ಟಿದ್ದರು.

ಊಟ ಮುಗಿಸಿದ ನಳಿನಿ ಎರಡಕ್ಕೆ ಐದು ನಿಮಿಷವಿರುವಾಗ ಒಳಗೆ ಬಂದರು. ಬಂದೊಡನೆ ಕೆನ್ನೆಗೆ ಗಾಳಿ ತಾಕಿತು. ಬೆಚ್ಚಗಿನ, ತೇವದ, ಪಾರ್ಕಿಂಗ್ ಲಾಟಿನ ಟಾರ್ ವಾಸನೆಯ ಗಾಳಿ. ನಾಲ್ಕನೇ ಪಟ್ಟಿಯ ತುದಿಯಲ್ಲಿ ಹಿಂಬದಿಯ ಪಾರ್ಕಿಂಗಿಗೆ ತೆರೆಯುವ ದೊಡ್ಡ ಬಾಗಿಲಿತ್ತು. ಅದು ತೆರೆದಿತ್ತು. ಹೊಸ್ತಿಲ ಒಳಗಿಬ್ಬರು, ಹೊರಗೆ ಹತ್ತು ಜನ. ಮಗಳ ಗೆಳತಿಯ ಬರ್ತ್‌ಡೇ ಪಾರ್ಟಿಗೆಂದು ರೌಂಡ್ ರಾಕ್‌ಗೆ ಹೊರಟಿದ್ದ ಶ್ರೀಪತಿಯನ್ನು ಎಲ್ಲರೂ ಸೇರಿ ಕಳಿಸಿಕೊಡುತ್ತಿದ್ದರು. ಶ್ರೀಪತಿ ಚಂದ್ರಮೋಹನರ ಜತೆ ಹದಿನಾರು ವರ್ಷ ಕೆಲಸ ಮಾಡಿದವರು. ಬೀಳ್ಕೊಳ್ಳುವ ವಿದ್ಯೆ ಕಲಿತದ್ದೂ ಅವರ ಮನೆಯ ಹೊಸ್ತಿಲಲ್ಲೇ.

“ಸರಿ ಹಾಗಾದ್ರೆ, ಬರ್ತೀವಿ ಸಾರ್” ಎನ್ನುತ್ತಿದ್ದರು ಶ್ರೀಪತಿ.

“ಬರ್ರಿ, ಬರ್ರಿ,” ಎಂದರು ನೀಲಕಂಠಪ್ಪ. “ಅಂದಂಗ, ನಿಮ್ಮ ಹೊಸ ಮನಿ ಕಿಚನ್‌ಗೆ ಯಾವ ಕಲ್ಲು ಹಾಕ್ಸೀರಿ?”

“ಅಯ್ಯೋ, ಅದೊಂದು ದೊಡ್ಡ ಕತೆ ಸಾರ್...”

ನಳಿನಿಯವರ ಕಣ್ಣು ಬಾಗಿಲ ಬುಡಕ್ಕೆ ಹೋಯಿತು. ಭಾರದ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಅದಕ್ಕೊಂದು ಕಲ್ಲು ಒತ್ತುಕೊಟ್ಟಿದ್ದರು. ಲಾಬಿಯ ಕರ್ಲಿಂಗ್ ಕಲ್ಲು.

ಕಾಲು ಜಾರುವುದನ್ನೂ ಲೆಕ್ಕಿಸದೆ ಅವರು ಅಂಚಿನಲ್ಲಿ ಓಡಿದರು. ಬಾಯಿಂದ ಬಂದದ್ದು ಯೋಚಿಸಿ ಬಂದ ಮಾತಲ್ಲ.

“ಒಳಗಾದ್ರೂ ಬನ್ನಿ, ಹೊರಗಾದ್ರೂ ಹೋಗಿ, ಬಾಗಿಲಲ್ಲಿ ಮಾತ್ರ ನಿಲ್ಬೇಡಿ!”

ಹನ್ನೆರಡು ಜನರೂ ತಿರುಗಿ ನೋಡಿದರು. ಶ್ರೀಪತಿಯ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಬೇರೇನೋ ಕಂಡಿತು. ಆ ಮಾತನ್ನು ಅವರು ನಾಲ್ಕು ವರ್ಷದಿಂದ ಕೇಳಿರಲಿಲ್ಲ. “ಹೊರಟೆ ನಳಿನಿ ಮೇಡಂ,” ಎನ್ನುತ್ತ ಹೊರಕ್ಕೆ ಹೆಜ್ಜೆಯಿಟ್ಟರು.

ನೀಲಕಂಠಪ್ಪ ಕಲ್ಲನ್ನು ಎತ್ತಿಕೊಂಡು ಒಳಗೆ ಬಂದರು. ಎಪ್ಪತ್ತರ ವಯಸ್ಸಿನಲ್ಲೂ ಅವರಿಗದು ಭಾರವೆನಿಸಿದಂತೆ ಕಾಣಲಿಲ್ಲ. ಅವರ ಹಿಂದೆ ಬಾಗಿಲು ಮುಚ್ಚಿತು. “ಬಾಗಲಕ್ಕ ಅಂತನ ಇಟ್ಟಾರ ಅನ್ಕೊಂಡ್ನಿರಿ. ಹಿಡಿಕಿ ಬ್ಯಾರೆ ಐತಲ್ಲ!”

“ಎಷ್ಟು ಹೊತ್ತಾಯ್ತು ತೆಗೆದು?”

“ಒಂದ್ ಇಪ್ಪತ್ತು ನಿಮಿಷ ಆಗಿರಬಹುದ್ರಿ. ಯಾಕ, ಏನಾತು?”

ನಳಿನಿ ಐಸನ್ನು ತೋರಿಸಿದರು. ನಾಲ್ಕನೇ ಪಟ್ಟಿಯ ಮೇಲೆ ಕನ್ನಡಿಗೆ ಉಸಿರು ಊದಿದಂತೆ ಬಿಳಿ ಪೊರೆ ಹರಡಿತ್ತು. ಹ್ಯೂಸ್ಟನ್ನಿನ ಗಾಳಿಯಲ್ಲಿದ್ದ ತೇವವೆಲ್ಲ ಐಸ್ ಮೇಲೆ ಇಳಿದು ಇಬ್ಬನಿಯ ಹಾಗೆ ಗಟ್ಟಿಯಾಗಿತ್ತು. ಆ ಬಿಳುಪು ಮೂರನೇ ಪಟ್ಟಿಯ ಅರ್ಧಕ್ಕೆ ಬಂದಿತ್ತು. ಎರಡನೇ ಪಟ್ಟಿಗೆ ಏನೂ ಆಗಿರಲಿಲ್ಲ.

“ಇದರ ಮೇಲೆ ಕಲ್ಲು ಜಾರಲ್ಲ. ಎರಡೂವರೆಗೆ ಐಲೀನ್ ನೋಡ್ತಾರೆ. ಇದು ಸರಿಯಿಲ್ಲ ಅಂದ್ರೆ ಅವರ ಪಟ್ಟಿಯಲ್ಲಿ ಆಡಿಸ್ತಾರೆ.”

ನೀಲಕಂಠಪ್ಪ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟರು. ಮೊದಲ ಬಾರಿಗೆ ಅದು ಭಾರವಾದಂತಿತ್ತು.

ತೇವ ಎಳೆಯುವ ಯಂತ್ರಗಳನ್ನು ನಳಿನಿ ಪೂರ್ತಿ ಜೋರು ಮಾಡಿದರು. ಕೆರೆಯುವ ಯಂತ್ರವನ್ನು ಮೂರನೇ ಪಟ್ಟಿಗೆ ತಂದು ಮೇಲ್ಮೈಯನ್ನು ಹಗುರಾಗಿ ಒಂದು ಸಲ ಕೆರೆದರು. ಅದರ ಮೇಲೆ ಹೊಸದಾಗಿ ಹನಿ ಹಾಕಿದರು. ಎರಡೂವರೆಗೆ ಐಲೀನ್ ಬಂದು, ಏನೂ ಕೇಳದೆ, ಕೂತು ಒಂದು ಕಲ್ಲು ಬಿಟ್ಟರು. ವೃತ್ತದ ನಡುವೆ ನಿಲ್ಲಬೇಕಾದ ಕಲ್ಲು ಎರಡು ಆಳುದ್ದ ಹಿಂದೆಯೇ ನಿಂತುಬಿಟ್ಟಿತು.

“ಎರಡನೆಯದಕ್ಕೆ ಹೋಗೋಣ” ಎಂದರು ಐಲೀನ್.

ನಳಿನಿ ಕಲ್ಲು ನಿಂತ ಜಾಗವನ್ನು ನೋಡಿದರು. ಕಾರ್ಖಾನೆಯಲ್ಲಿ ಹೊಸಬರಿಗೆ ಅವರೇ ಹೇಳಿಕೊಡುತ್ತಿದ್ದ ಪಾಠವೊಂದಿತ್ತು. ಕೊಳವೆಯಲ್ಲಿ ನೀರು ಕೆಟ್ಟರೆ ಅದಕ್ಕೆ ಒಳ್ಳೆಯ ನೀರು ಸೇರಿಸಿ ಸರಿಮಾಡಲು ಹೋಗಬಾರದು, ಅಷ್ಟನ್ನೂ ಚೆಲ್ಲಬೇಕು. ಈಗ ತಾವೇ ಕೆಟ್ಟದ್ದರ ಮೇಲೆ ಒಳ್ಳೆಯದನ್ನು ಹಾಕಿದ್ದರು. ಕಷ್ಟಪಟ್ಟು ಮಾಡಿದ್ದು ಎಂಬ ಮೋಹಕ್ಕೆ ಬೆಳಗಿನ ಉಬ್ಬುಗಳನ್ನು ಉಳಿಸಿಕೊಳ್ಳಲು ನೋಡಿದ್ದರು.

“ಇಪ್ಪತ್ತು ನಿಮಿಷ ಕೊಡಿ. ಎಲ್ಲ ಬೋಳಿಸಿ ಮತ್ತೆ ಮಾಡುತ್ತೇನೆ.”

ಐಲೀನ್ ಗಡಿಯಾರ ನೋಡಿದರು. ಬೋಳಿಸಿದ ಮೇಲೆ ಹೊತ್ತು ಸಾಲದಿದ್ದರೆ ಮೂರನೇ ಪಟ್ಟಿ ಬರೀ ಗಾಜಿನ ಹಲಗೆ, ಯಾವ ಆಟಕ್ಕೂ ಬಾರದು. ಅದು ಇಬ್ಬರಿಗೂ ಗೊತ್ತಿತ್ತು. “ಇಪ್ಪತ್ತು. ಇಪ್ಪತ್ತೊಂದಲ್ಲ.”

ಕಷ್ಟವಿದ್ದದ್ದು ಲಾಬಿಯ ಕಡೆ. ಫೈನಲ್ ಹತ್ತಿರವಾದಂತೆ ಅಲ್ಲಿಯ ಗಾಜಿನ ಬಾಗಿಲು ತೆರೆಯುವುದು ಮುಚ್ಚುವುದು ನಡೆದೇ ಇತ್ತು, ಪ್ರತಿ ಸಲವೂ ಒಂದಿಷ್ಟು ತೇವ ಒಳಗೆ. ನಳಿನಿ ಪ್ರೇರಣಾಳನ್ನು ಕರೆದು ಹೇಳುವ ಮೊದಲೇ ನೀಲಕಂಠಪ್ಪ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಾಗಿತ್ತು.

“ಮಾಮಾರ, ಯಾರನ್ನೂ ಬಿಡಬ್ಯಾಡ್ರಿ” ಎಂದಳು ಪ್ರೇರಣಾ.

“ನಮ್ಮಪ್ಪ ಎದ್ದು ಬಂದ್ರೂ ಬಿಡಂಗಿಲ್ಲ.”

ಅವರು ಅಪ್ಪನನ್ನು ತಡೆಯಬೇಕಾಗಿ ಬರಲಿಲ್ಲ, ಕೊರಳಿಗೆ ಬ್ಯಾಡ್ಜ್ ಹಾಕಿದ್ದ ಅಧಿಕಾರಿಯೊಬ್ಬನನ್ನು ತಡೆದರು. “ಟೆನ್ ಮಿನಿಟ್ಸ್, ಸರ್. ಐಸ್ ಈಸ್ ನಾಟ್ ರೆಡಿ,” ಎಂದರು. ಆತ ಬ್ಯಾಡ್ಜ್ ತೋರಿಸಿದ. “ವೆರಿ ನೈಸ್ ಬ್ಯಾಡ್ಜ್, ಸರ್. ಟೆನ್ ಮಿನಿಟ್ಸ್.” ಗಂಗವ್ವ ಆತನ ಕೈಗೊಂದು ಶೇಂಗಾ ಹೋಳಿಗೆ ಕೊಟ್ಟರು. ಆತ ತಿನ್ನುತ್ತ ನಿಂತ.

ಒಳಗೆ ನಳಿನಿ ಒಬ್ಬರೇ. ಯಂತ್ರ ಬಿಳಿ ಪುಡಿಯನ್ನು ರಾಶಿರಾಶಿಯಾಗಿ ತೆಗೆಯುತ್ತಿತ್ತು. ಬೆಳಗಿನ ಕೆಲಸವೂ ಈಗಷ್ಟೇ ಮಾಡಿದ್ದೂ ಅದರ ಜತೆಗೇ ಹೋಯಿತು. ಏಳು ಸಲ ಹೋಗಿ ಬಂದ ಮೇಲೆ ಐಸ್ ಕೆಳಗಿನ ಬಣ್ಣದ ವೃತ್ತಗಳು ಸ್ಪಷ್ಟವಾಗಿ ಕಂಡವು. ಕ್ಯಾನಿಗೆ ಉಪ್ಪು, ಸುಣ್ಣವೆಲ್ಲ ಸೋಸಿ ತೆಗೆದ ಹೊಸ ಬಿಸಿನೀರು ತುಂಬಿ ಬೆನ್ನಿಗೇರಿಸಿದಾಗ ಸೊಂಟ ಹಿಡಿಯಿತು. ತೂಗುತ್ತ, ಹಿಂದಕ್ಕೆ ಹೆಜ್ಜೆಯಿಡುತ್ತ, ಅವರು ಗಡಿಯಾರದ ಕಡೆ ನೋಡಲಿಲ್ಲ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಗಾಜಿನಾಚೆ ಥರ್ಮಾಸ್ ಹಿಡಿದ ಒಬ್ಬರು ಯಾರನ್ನೋ ನಗಿಸುತ್ತಿರುವುದು ಕಣ್ಣಂಚಿಗೆ ಕಾಣುತ್ತಿತ್ತು. ಅವರು ಎಂದೂ ಐಸಿನ ಬಗ್ಗೆ ಕೇಳಿದವರಲ್ಲ. “ಆಯ್ತೇನೇ?” ಎಂದಷ್ಟೇ ಕೇಳುತ್ತಿದ್ದರು. ಆಯ್ತು ಎಂದರೆ ಕಾಫಿ ಬಗ್ಗಿಸುತ್ತಿದ್ದರು. ಈಗ ಗಾಜಿನಾಚೆ ಎಂಬತ್ತು ಜನ ನಿಂತಿದ್ದರು. ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು.

ಎರಡೂ ಐವತ್ತಕ್ಕೆ ಐಲೀನ್ ಮತ್ತೆ ಕೂತು ಕಲ್ಲು ಬಿಟ್ಟರು. ಅದು ಜಾರಿತು. ನಡುಗೆರೆ ದಾಟಿತು, ಮೊದಲು ನಿಂತಿದ್ದ ಜಾಗ ದಾಟಿತು, ಸ್ವಲ್ಪ ಬಾಗಿತು, ವೃತ್ತದೊಳಗೆ ಬಂದು ನಡುವಿನ ಬಿಂದುವಿನಿಂದ ಒಂದು ಗೇಣು ಆಚೆ ನಿಂತಿತು. ಐಲೀನ್ ಎದ್ದು, ಮೊಣಕಾಲಿನ ಐಸ್ ಕೊಡವಿಕೊಂಡು, ಅಧಿಕಾರಿಗಳ ಮೇಜಿನತ್ತ ಮೂರು ಬೆರಳು ತೋರಿಸಿದರು.

ಫೈನಲ್ ಎರಡೂವರೆ ಗಂಟೆ ನಡೆಯಿತು. ನಳಿನಿ ಆಟ ನೋಡಲಿಲ್ಲ, ಕಲ್ಲಿನ ಹಾದಿ ನೋಡಿದರು. ಮೊದಲ ಸುತ್ತಿನಲ್ಲಿ ಬಾಗಿದಷ್ಟೇ ಎಂಟನೆಯ ಸುತ್ತಿನಲ್ಲೂ ಬಾಗಿತು. ಆ ತುದಿಯಲ್ಲಿ ಹೇಗೋ ಈ ತುದಿಯಲ್ಲೂ ಹಾಗೇ. ಜಪಾನಿನ ನಾಯಕಿ ಕೊನೆಯ ಕಲ್ಲನ್ನು ಎರಡು ಕಲ್ಲುಗಳ ಸಂದಿಯಲ್ಲಿ ಬಿಟ್ಟು ವೃತ್ತದ ನಡುವೆ ನಿಲ್ಲಿಸಿದಾಗ ಹಾಲ್ ಎದ್ದು ನಿಂತಿತು. ಆಕೆ ಐಸನ್ನು ನಂಬಿ ಬಿಟ್ಟಿದ್ದರು. ಅದು ನಳಿನಿಯವರಿಗೂ ಐಲೀನ್‌ಗೂ ಮಾತ್ರ ಗೊತ್ತಿದ್ದ ವಿಷಯ.

ಬಹುಮಾನ ಕೊಡುವಾಗ ಪ್ರಾಯೋಜಕರಿಗೆ, ತರಬೇತುದಾರರಿಗೆ, ಊಟ ಒದಗಿಸಿದವರಿಗೆ ಎಲ್ಲ ವಂದನೆ ಹೇಳಿದರು. ಐಲೀನ್ ಪಕ್ಕಕ್ಕೆ ಬಂದು ನಿಂತರು.

“ಐಸಿನ ಬಗ್ಗೆ ಒಬ್ಬರೂ ಒಂದು ಮಾತಾಡಲಿಲ್ಲ, ಗಮನಿಸಿದೆಯಾ?”

“ಗಮನಿಸಿದೆ.”

“ಐಸ್ ಕೆಟ್ಟಿದ್ದರೆ ಎಲ್ಲರೂ ಮಾತಾಡುತ್ತಿದ್ದರು. ನಲವತ್ತು ವರ್ಷದಲ್ಲಿ ನನಗೆ ಸಿಕ್ಕ ಬಹುಮಾನ ಅದೊಂದೇ” ಎಂದು ಐಲೀನ್ ಕೈ ಕುಲುಕಿ ಹೋದರು.

ನಳಿನಿ ಬ್ಯಾಗ್ ಹೆಗಲಿಗೇರಿಸಿ ಮುಂಬಾಗಿಲಿನಿಂದ ಹೊರಬಂದಾಗ ಬಿಸಿಲಿನ್ನೂ ಉರಿಯುತ್ತಿತ್ತು. ಸೀಡರ್ ಪಾರ್ಕ್‌ಗೆ ಮೂರು ಗಂಟೆಯ ದಾರಿ. ಕಾರಿನ ಹತ್ತಿರ ಹತ್ತಿಪ್ಪತ್ತು ಜನ ಕಾದಿದ್ದರು. ಶ್ರೀಪತಿಯೂ ಇದ್ದರು. ಬರ್ತ್‌ಡೇಗೆ ಹೋಗಿರಲಿಲ್ಲ. ಮಗಳು ದಿಯಾ ಮುಖ ಊದಿಸಿಕೊಂಡು ಕಾರಿಗೊರಗಿ ನಿಂತಿದ್ದಳು.

“ಯಾರು ಗೆದ್ದಿದ್ದು?” ಎಂದು ತಡವಾಗಿ ಬಂದ ಯಾರೋ ಕೇಳಿದರು.

“ಅದೆಲ್ಲ ಗೊತ್ತಿಲ್ಲರಿ. ಐಸ್ ಮಾತ್ರ ಭಾಳ ಛಲೋ ಇತ್ತು” ಎಂದರು ನೀಲಕಂಠಪ್ಪ. ಸುತ್ತಲಿದ್ದವರೆಲ್ಲ ಹೌದೆಂದರು. ಮೂರನೇ ಪಟ್ಟಿ, ನಾಲ್ಕನೇ ಪಟ್ಟಿ, ಬಿಳಿ ಪೊರೆ, ಬೋಳಿಸಿದ್ದು, ಎಲ್ಲ ಅವರ ಬಾಯಲ್ಲಿ ಆಗಲೇ ಹಳೆಯ ಕತೆಯಂತೆ ನಡೆಯುತ್ತಿತ್ತು. ನೀಲಕಂಠಪ್ಪ ಬಾಗಿಲಿಗೆ ಕಲ್ಲು ಇಟ್ಟದ್ದನ್ನು ಶ್ರೀಪತಿ ಅಭಿನಯಿಸಿ ತೋರಿಸಿದರು. ದಿಯಾ ನಗಬಾರದೆಂದುಕೊಂಡೂ ನಕ್ಕಳು.

“ಆ ಐಸಿಗೆ ಹಾಕಿದ ನೀರು ಕುಡ್ಯಾಕ ಬರ್ತದೇನವ್ವಾ?” ಎಂದು ಗಂಗವ್ವ ಕೇಳಿದರು.

“ಕುಡಿಯೋ ನೀರಲ್ಲ ಅದು. ಕುಡಿದ್ರೂ ರುಚಿ ಇರಲ್ಲ, ಸಪ್ಪೆ.”

“ಅಷ್ಟು ಚೊಕ್ಕ ಅಂತೀರಿ, ರುಚಿ ಯಾಕ ಇರಂಗಿಲ್ಲ?”

ಇಪ್ಪತ್ತನಾಲ್ಕು ವರ್ಷ ಊಟದ ಮನೆಗಳಲ್ಲಿ ಯಾರೂ ಹೀಗೆ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ನಳಿನಿ ಹೆಗಲ ಬ್ಯಾಗನ್ನು ಕಾರಿನ ಮೇಲಿಟ್ಟರು.

“ರುಚಿ ಅನ್ನೋದು ನೀರಲ್ಲಿ ಇರಲ್ಲ ಗಂಗವ್ವನೋರೆ,” ಎಂದು ಶುರುಮಾಡಿದರು. “ನೀರಿನ ಜತೆ ಬಂದಿರೋದರಲ್ಲಿ ಇರುತ್ತೆ. ಹೇಗೆ ಅಂದ್ರೆ...”

ಜನ ಕೇಳಿಸಿಕೊಳ್ಳಲು ಇನ್ನಷ್ಟು ಹತ್ತಿರ ಬಂದರು.